ನೀನು ಬರೆಯದೆ ಬಿಟ್ಟ ಅಂಕಿ

ಕೊತ್ತತ್ತಿ
9 ಜೂನ್ 2024

ಶಿವರಾಜು,

ಕಾಗದ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಉಂಡುಕೊಂಡು ಇದ್ದೇವೆ. ಫೋನ್ ಮಾಡಬಹುದಿತ್ತು. ಆದರೆ ಮೂವತ್ತು ವರ್ಷ ಆಲೆಮನೆಯಲ್ಲಿ ಗಾಣದ ಇಂಜಿನ್ ಪಕ್ಕ ನಿಂತು ನನ್ನ ಕಿವಿ ಏನಾಗಿದೆ ಎಂದು ನಿನಗೆ ಗೊತ್ತು. ಸ್ಪೀಕರ್ ಹಾಕದೆ ನನಗೆ ಕೇಳುವುದಿಲ್ಲ, ಹಾಕಿದರೆ ಬೀದಿಗೆಲ್ಲ ಕೇಳುತ್ತದೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಫೋನು ಅರ್ಧ ದಿನ ಮೊಮ್ಮಗಳ ಕೈಯಲ್ಲಿರುತ್ತದೆ. ಮದ್ದೂರಿನ ಜೂನಿಯರ್ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನನ್ನ ಅಕ್ಷರ ಓದುವುದು ನಿನಗೆ ಅಭ್ಯಾಸ ಇದೆ.

ವಿಷಯ ಏನೆಂದರೆ, ನಮ್ಮ ಸಂಬಂಧಿಕರೊಬ್ಬರು, ನಿನಗೆ ಪರಿಚಯವಿಲ್ಲದವರು, ನಮ್ಮದೇ ವಯಸ್ಸು. ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತಿತ್ತು. ಮಂಡ್ಯದಲ್ಲಿ ರಕ್ತ ಪರೀಕ್ಷೆ ಮಾಡಿದರು. ಪಿಎಸ್‌ಎ ಎಂಬುದು ನಾಲ್ಕರ ಒಳಗೆ ಇರಬೇಕಂತೆ, ಅವರಿಗೆ ಹದಿನಾಲ್ಕೂವರೆ ಬಂದಿದೆ. ಆಮೇಲೆ ಸೂಜಿ ಹಾಕಿ ಚೂರು ತೆಗೆದು ನೋಡಿ, ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಅಂದರು. ಆಪರೇಷನ್ ಆಗಬೇಕು. ಹೊಟ್ಟೆ ಕುಯ್ದು ಮಾಡುವುದೂ ಇದೆ, ರೋಬೋಟ್ ಇಟ್ಟು ಮಾಡುವುದೂ ಇದೆಯಂತೆ.

ಹೋದ ವರ್ಷ ನಿನಗೆ ಇದೇ ಆಗಿತ್ತು. ಬೆಂಗಳೂರಿನ ಆಸ್ಪತ್ರೆಗೆ ನೋಡಲು ಬಂದಾಗ ನಾನೇನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಹಣ್ಣು ಕೊಟ್ಟು ಬಂದೆ. ಈಗ ಕೇಳುತ್ತಿದ್ದೇನೆ. ಆ ರೋಬೋಟಿನಿಂದ ಏನು ಪ್ರಯೋಜನ ಎಂದು ತಿಳಿಯುವ ಹಾಗೆ ಬರೆ.

ಆ ಮನುಷ್ಯ ಹಿಂಜರಿಯುವ ಸ್ವಭಾವದವನು. "ಒಬ್ರಿಗಾದ್ರೂವೆ ಕುಯ್ಸ್ಕಂಡ್ ಮೇಲೆ ತಿರ್ಗ ಬಂದದೆ ಅಂದ್ರೆ ನಂಗೆ ಬ್ಯಾಡ, ಇದ್ದಷ್ಟ್ ದಿನ ಇರ್ತೀನಿ" ಅನ್ನುತ್ತಾನೆ.

ಚಲುವರಾಜು


ಹಲಗೂರು
17 ಜೂನ್ 2024

ಚಲುವರಾಜು,

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಎರಡು ಸಲ ಓದಿದೆ.

ಮೊದಲು ಅವರಿಗೆ ಒಂದು ಮಾತು ಹೇಳು. ರೋಬೋಟ್ ಅಂದರೆ ತಾನೇ ಬಂದು ಕುಯ್ಯುವ ಯಂತ್ರವಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಮೂವತ್ತಮೂರು ವರ್ಷ ಆರೋಗ್ಯ ಇಲಾಖೆಯಲ್ಲಿದ್ದು ಊರೂರಿನ ರಕ್ತ ತೆಗೆದವನಿಗೇ ಗೊತ್ತಿರಲಿಲ್ಲ. ಕುಯ್ಯುವವರು ಡಾಕ್ಟರೇ. ನನಗೆ ಮಾಡಿದವರು ರಘುನಂದನ್ ಎಂದು. ಮಂಚದ ಪಕ್ಕ ನಿಲ್ಲುವ ಬದಲು ಅದೇ ಕೋಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆಯೊಳಗೆ ಮುಖ ಇಟ್ಟು ಕೂರುತ್ತಾರೆ. ಒಳಗಿನದೆಲ್ಲ ಅವರಿಗೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅವರ ಬೆರಳು ಹೇಗೆ ಆಡುತ್ತದೋ ಹಾಗೆ ಯಂತ್ರದ ಕೈ ಒಳಗೆ ಆಡುತ್ತದೆ. ಮನುಷ್ಯನ ಕೈ ನಡುಗಿದರೂ ಅದು ನಡುಗುವುದಿಲ್ಲ. ಆ ಗ್ರಂಥಿ ಇರುವುದು ಸೊಂಟದ ಮೂಳೆಯ ಒಳಗೆ, ಇಕ್ಕಟ್ಟಿನ ಜಾಗದಲ್ಲಿ. ಕೈ ಹಾಕಿ ಮಾಡುವುದಕ್ಕಿಂತ ಹೀಗೆ ಮಾಡುವುದು ಸಲೀಸು. ಸುತ್ತಲಿನ ಸಣ್ಣ ನರಗಳನ್ನು ಬಿಡಿಸಿ ಉಳಿಸುವುದಕ್ಕೂ ಅನುಕೂಲವಂತೆ.

ನನ್ನ ಹೊಟ್ಟೆಯ ಮೇಲೆ ಆರು ತೂತು. ದೊಡ್ಡದು ಎರಡು ಬೆರಳಿನಷ್ಟಿತ್ತು. ರಕ್ತ ಹೋದದ್ದು ಕಡಿಮೆ, ಬಾಟಲಿ ಏರಿಸಲಿಲ್ಲ. ಮಾರನೆಯ ದಿನ ಎಬ್ಬಿಸಿ ನಡೆಸಿದರು. ನಾಲ್ಕನೆಯ ದಿನ ಹಲಗೂರಿನ ಮನೆಯಲ್ಲಿ ಕೂತು ಮುದ್ದೆ ಉಂಡೆ. ಮೂತ್ರದ ಪೈಪು ಹತ್ತು ದಿನ ಇತ್ತು, ಆಮೇಲೆ ತೆಗೆದರು. ತಿಂಗಳು ಕಳೆದ ಮೇಲೆ ಸ್ಕೂಟರ್ ಓಡಿಸಿದೆ. ಹೊಟ್ಟೆ ಕುಯ್ಸಿಕೊಂಡವರು ಅಷ್ಟು ಬೇಗ ಏಳುವುದಿಲ್ಲ.

ಕ್ಯಾನ್ಸರ್ ತೆಗೆಯುವ ಲೆಕ್ಕದಲ್ಲಿ ಎರಡೂ ಒಂದೇ ಎಂದು ಡಾಕ್ಟರೇ ಹೇಳಿದರು. ವ್ಯತ್ಯಾಸ ಇರುವುದು ನೋವಿನಲ್ಲಿ, ರಕ್ತದಲ್ಲಿ, ಬೇಗ ಏಳುವುದರಲ್ಲಿ. ಮುಖ್ಯವಾದದ್ದು ತಡ ಮಾಡದೆ ಇರುವುದು. ರೋಗ ಗ್ರಂಥಿಯ ಒಳಗೇ ಇರುವಾಗ ತೆಗೆಸಿಬಿಡಬೇಕು.

ನನ್ನನ್ನು ನೋಡಲಿ. ಓಡಾಡಿಕೊಂಡಿದ್ದೇನೆ. ಹಿಂಜರಿಯಬೇಡ ಅನ್ನು.

ಶಿವರಾಜು


ಕೊತ್ತತ್ತಿ
2 ಜುಲೈ 2024

ಶಿವರಾಜು,

ಆ ಸಂಬಂಧಿಕ ನಾನೇ. ಸುಳ್ಳು ಬರೆದು ಆಮೇಲೆ ನಿನ್ನ ಅಷ್ಟುದ್ದದ ಕಾಗದ ಓದಿ ಒಂಥರಾ ಆಯಿತು.

ಕುಸುಮಂಗೆ, ಕಟ್ಟಿಕೊಂಡ ಹೆಂಡತಿಗೇ, ಇನ್ನೂ ಹೇಳಿಲ್ಲ. ಮಂಡ್ಯಕ್ಕೆ ಹೋದಾಗಲೆಲ್ಲ ಗೊಬ್ಬರ ತರಲು ಅಂದಿದ್ದೇನೆ. ಎರಡು ಸಲ ಬರಿಗೈಯಲ್ಲಿ ಬಂದೆ. ಅವಳು ಕೇಳಲಿಲ್ಲ.

ಎರಡು ಪ್ರಶ್ನೆ ಇವೆ. ಡಾಕ್ಟರ ಎದುರು ಬಾಯಿ ಬರಲಿಲ್ಲ, ಜೊತೆಗೆ ಅಲ್ಲಿ ಇಬ್ಬರು ಹುಡುಗಿಯರು ಬರೆದುಕೊಳ್ಳುತ್ತಾ ನಿಂತಿದ್ದರು. ಒಂದು, ಆಮೇಲೆ ಮೂತ್ರ ಹಿಡಿತದಲ್ಲಿ ಇರುತ್ತದಾ? ಎರಡನೆಯದನ್ನು ನಾನು ಬರೆಯದಿದ್ದರೂ ನಿನಗೆ ಗೊತ್ತಾಗುತ್ತದೆ. ಗಂಡ ಹೆಂಡಿರ ವಿಷಯ.

ನಿನಗೆ ಹೇಗಾಯಿತೋ ಹಾಗೇ ಬರೆ. ನೀನು ಬರೆದಂತೆ ಮಾಡುತ್ತೇನೆ.

ಚಲುವರಾಜು


ಹಲಗೂರು
8 ಜುಲೈ 2024

ಚಲುವ,

ನನಗೆ ಗೊತ್ತಿತ್ತು. ನೀನು 'ಸಂಬಂಧಿಕರೊಬ್ಬರು, ಅವರು' ಎಂದು ಶುರು ಮಾಡಿ ಕೊನೆಗೆ 'ಅನ್ನುತ್ತಾನೆ' ಎಂದು ಮುಗಿಸಿದ್ದೆ. ನೀನಾಗಿಯೇ ಹೇಳಲಿ ಎಂದು ಸುಮ್ಮನಿದ್ದೆ.

ಮೊದಲನೆಯದು, ಸ್ವಲ್ಪ ದಿನ ಹೆಚ್ಚು ಕಡಿಮೆ ಇರುತ್ತದೆ, ಸರಿಹೋಗುತ್ತದೆ. ಎರಡನೆಯದು ನಮ್ಮ ವಯಸ್ಸಿಗೆ ದೊಡ್ಡ ಮಾತಲ್ಲ. ಅದನ್ನೆಲ್ಲ ಯೋಚಿಸುತ್ತಾ ಕೂತರೆ ದಿನ ಹೋಗುತ್ತವೆ. ಡಾಕ್ಟರ್ ರಘುನಂದನ್ ಹತ್ತಿರವೇ ಹೋಗು, ನನ್ನ ಹೆಸರು ಹೇಳು. ಕುಸುಮಮ್ಮನಿಗೆ ಹೇಳಿಯೇ ಹೋಗು.

ಶಿವರಾಜು


ಕೊತ್ತತ್ತಿ
5 ಆಗಸ್ಟ್ 2024

ಶಿವರಾಜು,

ನಾಳೆ ಬೆಂಗಳೂರಿಗೆ ಹೋಗುತ್ತಿದ್ದೇವೆ. ಗುರುವಾರ ಆಪರೇಷನ್.

ನೆನ್ನೆ ಕುಸುಮಂಗೆ ಹೇಳಿದೆ. ಅವಳು ಅಲಸಂದೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸದೆ, "ಯೋಳಕ್ಕೆ ಇಷ್ಟ್ ದಿನ ಬೇಕಾಯ್ತಾ" ಅಂದಳು. ಅಷ್ಟೇ. ಆಮೇಲೆ ಎದ್ದು ಹೋಗಿ ಚೀಲಕ್ಕೆ ಬಟ್ಟೆ ಹಾಕಿದಳು.

ನಾಲೆಯಲ್ಲಿ ನೀರು ಬಿಟ್ಟಿದ್ದಾರೆ. ನಾಟಿ ಯಾರಿಗೋ ವಹಿಸಿದೆ. ಭಯ ಇಲ್ಲ. ಏನೂ ಅನ್ನಿಸುತ್ತಿಲ್ಲ.

ಚಲುವರಾಜು


ಹಲಗೂರು
26 ಆಗಸ್ಟ್ 2024

ಚಲುವ,

ಫೋನ್ ಮಾಡಿದ್ದೆ. ಕುಸುಮಮ್ಮ ಎತ್ತಿ, ಚೆನ್ನಾಗಿ ಆಯಿತು, ಪೈಪೂ ತೆಗೆದರು, ಮಲಗಿದ್ದಾರೆ ಅಂದರು. ಮೂರು ಸಲ ಮಾಡಿದಾಗಲೂ ನೀನು ಮಲಗಿದ್ದೆ. ಏಳು, ನಡೆದಾಡು. ಬಿಂದಿಗೆ ಎತ್ತಬೇಡ. ಒಂದು ಸಾಲು ಬರೆ.

ಶಿವರಾಜು


ಹಲಗೂರು
29 ಸೆಪ್ಟೆಂಬರ್ 2024

ಚಲುವ,

ಈಚೆಗೆ ಮಂಡ್ಯಕ್ಕೆ ಬಂದಿದ್ದೆ. ಕೊತ್ತತ್ತಿಗೆ ಬರೋಣವೆಂದು ಬಸ್ಸಿನ ಹತ್ತಿರದವರೆಗೂ ಬಂದೆ. ಯಾಕೋ ಹತ್ತಲಿಲ್ಲ. ನಿನ್ನ ತಂಗಿಯ ಮಗಳ ಮದುವೆಯಲ್ಲಿ ನೀನು ಇರಲಿಲ್ಲವೆಂದು ಹೋಗಿದ್ದವರು ಹೇಳಿದರು. ಕೋಪವಿದ್ದರೆ ಅದನ್ನಾದರೂ ಬರೆ.

ಶಿವರಾಜು


ಕೊತ್ತತ್ತಿ
14 ನವೆಂಬರ್ 2024

ಶಿವರಾಜು,

ನೀನು ಬರೆದದ್ದೆಲ್ಲ ಬರೆದ ಹಾಗೇ ಆಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ. ಆರೇ ತೂತು. ರಕ್ತದ ಬಾಟಲಿ ಬೇಕಾಗಲಿಲ್ಲ. ಮಾರನೆಯ ದಿನ ವರಾಂಡದಲ್ಲಿ ನಡೆದೆ, ನಾಲ್ಕನೆಯ ದಿನ ಊರಲ್ಲಿದ್ದೆ. ಅದೇ ವಾರ್ಡಿನಲ್ಲಿ ಚನ್ನಪಟ್ಟಣದ ಕಡೆಯವರೊಬ್ಬರಿದ್ದರು. ಹಿಂದೆ ಬೇರೆ ಏನೋ ಆಪರೇಷನ್ ಆಗಿ ಒಳಗೆಲ್ಲ ಅಂಟಿಕೊಂಡಿದ್ದರಿಂದ ಅವರಿಗೆ ಹೊಟ್ಟೆ ಕುಯ್ದೇ ಮಾಡಿದ್ದರು. ನನಗಿಂತ ನಾಲ್ಕು ದಿನ ಮೊದಲು ಆದವರು. ನಾನು ಹೊರಡುವಾಗಲೂ ಅವರನ್ನು ಇಬ್ಬರು ಹಿಡಿದು ಎಬ್ಬಿಸುತ್ತಿದ್ದರು. ಹಾಗಾಗಿ ರೋಬೋಟಿನ ಬಗ್ಗೆ ನೀನು ಹೇಳಿದ್ದು ಸುಳ್ಳಲ್ಲ.

ಪೈಪು ತೆಗೆದ ದಿನ ಎದ್ದು ನಿಂತೆ, ನಿಂತಲ್ಲೇ ಒದ್ದೆಯಾಯಿತು. ನರ್ಸಮ್ಮ ಎಲ್ಲರಿಗೂ ಹೀಗೇ ಅಂದಳು. ಮಕ್ಕಳಿಗೆ ಹಾಕುವಂಥದ್ದನ್ನು ಹಾಕಿ ಕಳಿಸಿದರು. ಮೂರು ತಿಂಗಳಾಯಿತು, ಇನ್ನೂ ಹಾಕಿಕೊಳ್ಳುತ್ತಿದ್ದೇನೆ. ಮೊದಲು ದಿನಕ್ಕೆ ಆರು, ಈಗ ಮೂರು. ಗದ್ದೆಯ ಬದುವಿನ ಮೇಲೆ ಕೂತು ಏಳುವುದಕ್ಕೆ ಆಗುವುದಿಲ್ಲ. ಮದುವೆಗೆ ಹೋಗಲಿಲ್ಲ. ಬಸ್ಸು ಹತ್ತಿಲ್ಲ. ಆಲೆಮನೆ ಈ ವರ್ಷ ಹಚ್ಚಲಿಲ್ಲ. ಬೆಲ್ಲ ಕಾಯಿಸುವ ಒಲೆಯಲ್ಲಿ ಈಗ ನಾನು ಬಳಸಿ ಬಿಟ್ಟದ್ದನ್ನು ಸುಡುತ್ತೇನೆ.

ನನ್ನ ಎರಡನೆಯ ಪ್ರಶ್ನೆಯ ಬಗ್ಗೆ ಬರೆಯಲು ಏನೂ ಇಲ್ಲ. ಅಲ್ಲಿ ಏನೂ ಇಲ್ಲ. ಪಡಸಾಲೆಯಲ್ಲಿ ಮಲಗುತ್ತೇನೆ.

ಹೀಗಾಗುತ್ತದೆ ಎಂದು ನಿನಗೆ ಗೊತ್ತಿತ್ತು. ನಿನಗೆ ಹೇಗಾಯಿತೋ ಹಾಗೇ ಬರೆ ಎಂದು ಕೇಳಿದ್ದೆ. ನೀನು ಬರೆಯಲಿಲ್ಲ. ಕೋಪವಿದ್ದರೆ ಬರೆ ಅಂದಿದ್ದೀಯ. ಇದೆಯೇನೋ ಎಂದು ನೋಡಿಕೊಂಡೆ. ಅದೂ ಇಲ್ಲ.

ಚಲುವರಾಜು


ಹಲಗೂರು
25 ನವೆಂಬರ್ 2024

ಚಲುವ,

ನಿನ್ನ ಕಾಗದವನ್ನು ಹೆಂಡತಿ ಪುಟ್ಟಮಾದಮ್ಮನಿಗೆ ತೋರಿಸಲಿಲ್ಲ. ತೋರಿಸಿದ್ದರೆ ಅವಳು ನಿನ್ನ ಕಡೆಗೇ ಮಾತಾಡುತ್ತಿದ್ದಳು.

ನನಗೆ ಹನ್ನೊಂದು ತಿಂಗಳು ಪ್ಯಾಡು ಬೇಕಾಯಿತು. ಈಗಲೂ ಕೆಮ್ಮಿದರೆ, ಬಸ್ಸು ಗುಂಡಿಗೆ ಇಳಿದರೆ ಎರಡು ತೊಟ್ಟು ಹೋಗುತ್ತದೆ. ಹೆಂಡತಿಯೂ ನಾನೂ ಒಂದೇ ಕೋಣೆಯಲ್ಲಿ ಮಲಗಿ ಒಂದೂವರೆ ವರ್ಷವಾಯಿತು. ಜಗಳವೇನಿಲ್ಲ. ಅವಳು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಇದನ್ನು ನಿನಗೆ ಜುಲೈನಲ್ಲೇ ಬರೆಯಬೇಕಿತ್ತು.

ಯಾಕೆ ಬರೆಯಲಿಲ್ಲ ಎಂದು ಹೇಳುತ್ತೇನೆ. ಒಪ್ಪುವುದು ಬಿಡುವುದು ನಿನಗೆ ಬಿಟ್ಟದ್ದು. ತೊಂಬತ್ತನಾಲ್ಕರಲ್ಲಿ ನಾನು ಕೊಕ್ಕರೆ ಬೆಳ್ಳೂರಿನ ಕಡೆ ಕೆಲಸದಲ್ಲಿದ್ದೆ. ಅಲ್ಲಿ ಚಿಕ್ಕಬೋರಯ್ಯ ಎಂಬ ಕೂಲಿಯವನಿಗೆ ಕ್ಷಯ. ನನ್ನ ವಯಸ್ಸಿನವನೇ. ಮಾತ್ರೆಯಿಂದ ಏನೇನಾಗುತ್ತದೆ, ಮುಚ್ಚಿಡದೆ ಹೇಳಿ ಸ್ವಾಮಿ ಎಂದು ಕೇಳಿದ. ಮರದ ಮೇಲೆ ಕೊಕ್ಕರೆಗಳ ಗಲಾಟೆ, ಕೆಳಗೆ ನಿಂತು ಎಲ್ಲವನ್ನೂ ಹೇಳಿದೆ. ವಾಂತಿ ಬರಬಹುದು, ಮೂತ್ರ ಕೆಂಪಗಾಗುತ್ತದೆ, ಕೈಕಾಲು ಜೋಮು ಹಿಡಿಯಬಹುದು. ಇಪ್ಪತ್ತು ದಿನ ನುಂಗಿದ, ಆಮೇಲೆ ಬಿಟ್ಟ. ಮನೆಗೆ ಹೋದರೆ, "ನೀವೇ ಯೋಳುದ್ರಲ್ಲಾ ಸ್ವಾಮಿ, ಅಂಗೇ ಆಯ್ತು, ಅದ್ಕೆ ಬುಟ್ಟೆ" ಅಂದ. ಮೂರನೆಯ ಸಲ ಹೋದಾಗ ಮನೆಯ ಮುಂದೆ ಜನ ಸೇರಿದ್ದರು. ಅವನ ಹೆಂಡತಿ ನನಗೆ ಕೂರಲು ಚಾಪೆ ಹಾಕಿದಳು.

ಆ ದಿನದಿಂದ ನಾನು ಯಾರಿಗೂ ಅರ್ಧಕ್ಕಿಂತ ಹೆಚ್ಚು ಹೇಳಿಲ್ಲ. ಅರ್ಧ ಹೇಳಿಸಿಕೊಂಡವರು ಬದುಕಿದ್ದಾರೆ. ನಿನಗೂ ಅದನ್ನೇ ಮಾಡಿದೆ. ಆದರೆ ಅವರು ಯಾರೋ, ನೀನು ಗೆಳೆಯ. ನೀನು ನೇರವಾಗಿ ಕೇಳಿದ್ದೆ.

ಈಗ ಉಪಯೋಗಕ್ಕೆ ಬರುವುದನ್ನು ಬರೆಯುತ್ತೇನೆ. ಮೂತ್ರ ತಡೆಯುವಾಗ ಕೆಳಗೆ ಬಿಗಿ ಹಿಡಿಯುತ್ತೇವಲ್ಲ, ಕೂತಲ್ಲೇ ಹಾಗೆ ಬಿಗಿ ಹಿಡಿದು ಹತ್ತು ಎಣಿಸು, ಬಿಡು. ಹತ್ತು ಸಲ ಮಾಡು. ದಿನಕ್ಕೆ ಮೂರು ಹೊತ್ತು. ಕಾಫಿ ಟೀ ಕಡಿಮೆ ಮಾಡು. ನಾನು ಮೊದಲ ಆರು ತಿಂಗಳು ಇದನ್ನು ಮಾಡದೆ ಕೆಟ್ಟೆ. ನಿನ್ನದು ಆರರಿಂದ ಮೂರಕ್ಕೆ ಬಂದಿದೆ ಅಂದರೆ ನನಗಿಂತ ಬೇಗ ಸರಿಹೋಗುತ್ತದೆ. ಎರಡನೆಯದಕ್ಕೂ ಔಷಧಿ ಇದೆಯಂತೆ, ಡಾಕ್ಟರನ್ನು ಕೇಳು. ನಾನು ಕೇಳಲಿಲ್ಲ.

ಶಿವರಾಜು


ಕೊತ್ತತ್ತಿ
4 ಡಿಸೆಂಬರ್ 2024

ಶಿವರಾಜು,

ನೀನು ಹೇಳಿದ ಬಿಗಿ ಹಿಡಿಯುವುದನ್ನು ಮಾಡುತ್ತಿದ್ದೇನೆ. ಮಗ ಕಾರು ಮಾಡಿಕೊಟ್ಟ, ಸೋಮವಾರ ಕುಸುಮನ ಜೊತೆ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದೆ. ಪಿಎಸ್‌ಎ ಅಳತೆಗೇ ಸಿಗದಷ್ಟು ಕಡಿಮೆ ಬಂದಿದೆ. ಡಾಕ್ಟರು ಎದ್ದು ಬಂದು ಕೈ ಕುಲುಕಿದರು. ನನಗೆ ಸಂತೋಷ ಆಗಬೇಕಿತ್ತು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ.

ವಾಪಸು ಬರುವಾಗ ಮದ್ದೂರಿನಲ್ಲಿ ಕಾರು ನಿಲ್ಲಿಸಿ ಕುಸುಮ ಔಷಧಿ ಅಂಗಡಿಗೆ ಹೋದಳು. ಜನ ತುಂಬಿದ್ದರು. ಪ್ಯಾಡಿನ ದೊಡ್ಡ ಕಟ್ಟನ್ನು ಕವರೂ ಹಾಕಿಸದೆ ಹಿಡಿದುಕೊಂಡು ಬಂದಳು. ನಾನು ತಲೆ ಬಗ್ಗಿಸಿಕೊಂಡೆ. "ಯಾರ್ಗೆ ಅಂತ ಕೇಳ್ದ, ನಮ್ಮ್ ಯಜಮಾನ್ರಿಗೆ ಅಂದೆ. ಅದ್ರಲ್ಲೇನದೆ, ನೀವ್ ಬದ್ಕಿರದು ನಂಗೆ ಬೇಕು" ಅಂದಳು. ಆಮೇಲೆ, ಪಡಸಾಲೆಯಲ್ಲಿ ಚಳಿ, ಒಳಗೆ ಬಂದು ಮಲಗಿ ಎಂದೂ ಹೇಳಿದಳು. ಒಳಗೆ ಮಲಗುತ್ತಿದ್ದೇನೆ. ಸುಮ್ಮನೆ ಮಲಗುತ್ತೇವೆ.

ನೀನು ಅರ್ಧ ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಾಗುತ್ತಿಲ್ಲ. ಪೂರ್ತಿ ಹೇಳಿದ್ದರೆ ಹೋಗುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.

ಇನ್ನೊಂದು ವಿಷಯ. ಹೊರಡುವಾಗ ಡಾಕ್ಟರ್ ರಘುನಂದನ್, "ನಿಮ್ಮ ಸ್ನೇಹಿತರು ಶಿವರಾಜು ಅವರು ಮೇ ತಿಂಗಳ ಮೇಲೆ ಬರಲೇ ಇಲ್ಲ, ಫೋನೂ ಎತ್ತುತ್ತಿಲ್ಲ. ತಪ್ಪದೆ ಬರಲು ಹೇಳಿ" ಅಂದರು. ಕುಸುಮ ನನ್ನ ಕಿವಿಯ ಹತ್ತಿರ ಬಂದು ಅದನ್ನು ಇನ್ನೊಂದು ಸಲ ಹೇಳಿದಳು. ನಾನು ನಿನ್ನ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ತೂತು ಎಷ್ಟು, ದಿನ ಎಷ್ಟು, ಪ್ಯಾಡು ಎಷ್ಟು ತಿಂಗಳು, ಎಲ್ಲ ಬರೆದಿದ್ದೀಯ. ನಿನ್ನ ಪಿಎಸ್‌ಎ ಎಷ್ಟು ಎಂದು ಒಂದರಲ್ಲೂ ಇಲ್ಲ.

ಎಷ್ಟು?

ಚಲುವರಾಜು


ಹಲಗೂರು
15 ಡಿಸೆಂಬರ್ 2024

ಚಲುವ,

ಆಪರೇಷನ್ ಆಗಿ ಮೂರು ತಿಂಗಳಿಗೆ 0.02 ಇತ್ತು. ಹೋದ ವರ್ಷ ಡಿಸೆಂಬರಿನಲ್ಲಿ 0.09. ಈ ವರ್ಷ ಮೇ ತಿಂಗಳಲ್ಲಿ 0.24. ಗ್ರಂಥಿ ತೆಗೆದ ಮೇಲೆ ಅದು ಪಾಯಿಂಟ್ ಎರಡು ದಾಟಬಾರದು. ದಾಟಿದೆ. ಎಲ್ಲೋ ಸ್ವಲ್ಪ ಉಳಿದುಕೊಂಡಿದೆ.

ಜೂನ್‌ನಲ್ಲಿ ನಿನ್ನ ಮೊದಲ ಕಾಗದ ಬಂದಾಗ ಆ ಚೀಟಿ ನನ್ನ ಮೇಜಿನ ಮೇಲೇ ಇತ್ತು. ಒಬ್ಬರಿಗಾದರೂ ತಿರುಗಿ ಬಂದಿದ್ದರೆ ನನಗೆ ಬೇಡ ಎಂದು ನೀನು ಬರೆದಿದ್ದೆ. ಆ ಒಬ್ಬ ನಾನೇ ಆಗಿದ್ದೆ. ಅದನ್ನು ಬರೆದಿದ್ದರೆ ನೀನು ಹೋಗುತ್ತಿರಲಿಲ್ಲ. ಇದೊಂದರಲ್ಲಿ ಮಾತ್ರ ನಾನು ಮಾಡಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಇದು ಯಂತ್ರದ ದೋಷವೂ ಅಲ್ಲ, ಡಾಕ್ಟರದೂ ಅಲ್ಲ. ಎರಡು ವರ್ಷ ಮೂತ್ರದ ತೊಂದರೆ ಇದ್ದರೂ ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದವನು ನಾನು. ಅವರು ತೆಗೆಯುವ ಹೊತ್ತಿಗೆ ಅದು ಗ್ರಂಥಿಯ ಗೋಡೆ ದಾಟಿತ್ತು. ನೀನು ಬೇಗ ಹೋದೆ.

ಮೈಸೂರಿನಲ್ಲಿ ಮೂವತ್ತಮೂರು ದಿನ ರೇಡಿಯೇಷನ್ ಕೊಟ್ಟರೆ ವಾಸಿಯಾಗುವ ಸಾಧ್ಯತೆ ಇನ್ನೂ ಇದೆ ಎಂದು ರಘುನಂದನ್ ಹೇಳಿದ್ದರು. ಅಲ್ಲಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟಿದ್ದರು. ಎರಡು ಸಲ ದಿನ ಗೊತ್ತು ಮಾಡಿದರು. ಎರಡು ಸಲವೂ ಮಳವಳ್ಳಿಯವರೆಗೆ ಹೋಗಿ, ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತಿದ್ದು ಹಲಗೂರಿಗೆ ವಾಪಸು ಬಂದೆ. ಹೆದರಿಕೆ ಅಂತ ಹೇಳಲಾರೆ. ಬಸ್ಸು ಬಂತು, ಜನ ಹತ್ತಿದರು, ನಾನು ಏಳಲಿಲ್ಲ. ಮನೆಯಲ್ಲಿ ಹೇಳಿಲ್ಲ. ಎಲ್ಲ ಸರಿಹೋಗಿದೆ ಎಂದೇ ಪುಟ್ಟಮಾದಮ್ಮ ತಿಳಿದಿದ್ದಾಳೆ.

ಇನ್ನೇನೂ ಮುಚ್ಚಿಟ್ಟಿಲ್ಲ.

ಶಿವರಾಜು


ಕೊತ್ತತ್ತಿ
20 ಡಿಸೆಂಬರ್ 2024

ಶಿವರಾಜು,

ನಿನ್ನ ಕಾಗದವನ್ನು ಕುಸುಮಂಗೆ ಓದಲು ಕೊಟ್ಟೆ. ಓದಿ, "ಜೀವಮಾನೆಲ್ಲ ಮನೆಮನೆ ಬಾಗ್ಲಿಗೆ ಓಗಿ ಮಾತ್ರೆ ನುಂಗುಸ್ದೋರು. ಅವ್ರ್ ಮನೆ ಬಾಗ್ಲಿಗೆ ಯಾರ್ ಓಗ್ಬೇಕು, ನೀವ್ ತಾನೆ" ಅಂದಳು. ಡಾಕ್ಟರ್ ರಘುನಂದನ್ ಅವರಿಂದ ನಂಬರು ತೆಗೆದುಕೊಂಡು ಅವಳೇ ಮೈಸೂರಿನ ಆಸ್ಪತ್ರೆಗೆ ಫೋನ್ ಮಾಡಿ ಮಾತಾಡಿದಳು. ಈ ತಿಂಗಳು ಮೂವತ್ತನೇ ತಾರೀಖು, ಸೋಮವಾರ, ಹನ್ನೊಂದು ಗಂಟೆಗೆ ಬರಲು ಹೇಳಿದ್ದಾರೆ. ತಡವಾಯಿತು, ಆದರೂ ಬರಲಿ ಅಂದರಂತೆ.

ನಾನು ಭಾನುವಾರವೇ ಹಲಗೂರಿಗೆ ಬರುತ್ತೇನೆ. ಅಷ್ಟರಲ್ಲಿ ಪುಟ್ಟಮಾದಮ್ಮನಿಗೆ ನೀನು ಹೇಳಿರಬೇಕು. ಹೇಳದಿದ್ದರೆ ನಾನು ಹೇಳುತ್ತೇನೆ, ನನ್ನ ಗಂಟಲು ಎಂಥದ್ದು ಎಂದು ಗೊತ್ತಲ್ಲ, ನಿಮ್ಮ ಬೀದಿಯವರೂ ಕೇಳಿಸಿಕೊಳ್ಳುತ್ತಾರೆ. ಬಯ್ಯುವುದಕ್ಕೆ ಬರುತ್ತಿಲ್ಲ. ನನ್ನನ್ನು ಕಳಿಸಿ ನೀನು ಉಳಿದುಕೊಂಡೆ ಎಂದು ಎರಡು ದಿನ ಏನೇನೋ ಅನ್ನಿಸಿತು. ಬಹಳ ದಿನದ ಮೇಲೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಕಾಗದದಲ್ಲಿ ಬರೆಯಲು ಬರುವುದಿಲ್ಲ.

ಆಗಸ್ಟಿನಿಂದ ಬಸ್ಸು ಹತ್ತಿರಲಿಲ್ಲ. ಬುಧವಾರ ಮಂಡ್ಯಕ್ಕೆ ಹೋಗಿ ಬಂದು ನೋಡಿದೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಒದ್ದೆಯಾಯಿತು. ಯಾರಿಗೂ ಗೊತ್ತಾಗಲಿಲ್ಲ, ಪಕ್ಕದಲ್ಲಿ ಕೂತಿದ್ದವರು ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಮಾಡಿದರು. ಹಾಗಾಗಿ ಮೈಸೂರಿಗೆ ಬರಬಲ್ಲೆ. ಮೊದಲ ವಾರ ಪೂರ್ತಿ ನಿನ್ನ ಜೊತೆ ಇರುತ್ತೇನೆ, ಆಮೇಲೆ ನೋಡೋಣ.

ಮಳವಳ್ಳಿಯಲ್ಲಿ ಬೆಂಚಿನ ಮೇಲೆ ಕೂರುವುದು ಬೇಡ, ನಿಂತೇ ಇರೋಣ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ, ಕುಲುಕಾಟ ಜಾಸ್ತಿ, ಮಧ್ಯದ್ದು ಹಿಡಿಯೋಣ. ಬನ್ನೂರಿನಲ್ಲಿ ನಿನಗೆ ಅವಸರವಾದರೂ ಸರಿ, ನನಗಾದರೂ ಸರಿ, ಇಬ್ಬರೂ ಇಳಿದುಬಿಡೋಣ. ಹಿಂದೆ ಇನ್ನೊಂದು ಬಸ್ಸು ಇದ್ದೇ ಇರುತ್ತದೆ.

ಚಲುವರಾಜು